ಹೊದಿಕೆಯಿಲ್ಲದ ಹನ್ನೊಂದು ಹರಳು

ಡಿಸೆಂಬರ್ 2, ಸೋಮವಾರ

ನಮ್ಮ ಕಲ್ಲಿಗೆ ಮುನ್ನೂರ ಮೂವತ್ತು ಕೋಟಿ ವರ್ಷ ವಯಸ್ಸಂತೆ, ಮುರಳಿ ಈಗಷ್ಟೇ ಹೈದರಾಬಾದಿನ ಲ್ಯಾಬಿನಿಂದ ಫೋನ್ ಮಾಡಿ ಹೇಳಿದ, ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಈ ಪುಸ್ತಕವೂ ಅವನದೇ. ಕಲ್ಲು ಆಯಲು ಹೋದಾಗ ಬರೆದುಕೊಳ್ಳುವ ಗಟ್ಟಿ ರಟ್ಟಿನದು. ಮದುವೆಯಾದ ಹೊಸತರಲ್ಲಿ ನನಗೊಂದು ಕೊಟ್ಟಿದ್ದ, ಆರು ತಿಂಗಳಿಂದ ಖಾಲಿ ಬಿದ್ದಿತ್ತು. ಇಂಥ ಸುದ್ದಿಗೇ ಕಾದಿತ್ತೇನೋ. ಇಂಗ್ಲಿಷಿನಲ್ಲಿ ಬರೆಯುವುದು ನನಗೆ ಸುಲಭ, ಓದಿದ್ದೆಲ್ಲ ಅದರಲ್ಲೇ. ಆದರೆ ಮಾವ ಚನ್ನರಾಯಪ್ಪನವರು ಮೂವತ್ತು ವರ್ಷ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಕೈಗೆ ಸಿಕ್ಕರೆ ಓದದೆ ಇದ್ದಾರು, ಕೆಂಪು ಪೆನ್ನಲ್ಲಿ ತಿದ್ದದೆ ಇರಲಾರರು. ಹಾಗಾಗಿ ಕನ್ನಡ.

ಜೂನ್‌ನಲ್ಲಿ, ಮದುವೆಯಾದ ಎರಡನೇ ವಾರ, ಎಲ್ಲರೂ ಊಟಿ, ಮುನ್ನಾರ್ ಅಂತ ಹೋಗುವ ಹೊತ್ತಿಗೆ ನಾವು ನಮ್ಮ ಬೀದಿಯ ಮುಖ್ತಿಯಾರ್ ಅವರ ಹಳೇ ಬಾಡಿಗೆ ಜೀಪಿನಲ್ಲಿ ತಾಯಲೂರಿನಾಚೆಯ ಬಂಡೆಗುಡ್ಡಕ್ಕೆ ಹೋಗಿದ್ದೆವು. ಮುರಳಿ ಸುತ್ತಿಗೆಯಿಂದ ಒಡೆಯುತ್ತಿದ್ದ, ನಾನು ಚೀಲ ಹಿಡಿದಿದ್ದೆ. ಚೀಟಿಯ ಮೇಲೆ ಎಂಬಿ-9 ಅಂತ ಬರೆದದ್ದು ನಾನು, ನನ್ನ ಅತಿ ಚಂದದ ಅಕ್ಷರದಲ್ಲಿ. ಎಲ್ಲಿ ನಿಂತು ತೆಗೆದದ್ದು ಅನ್ನುವುದನ್ನು ಅವನು ಮೂರು ಸಲ ಬರೆದುಕೊಂಡ. ಎಲ್ಲಿಂದ ತೆಗೆದದ್ದು ಅಂತ ಗೊತ್ತಿಲ್ಲದ ಕಲ್ಲು ಬರೀ ಕಲ್ಲು ಕಣೇ ಅಂದ. ಬಿಸಿಲಿಗೆ ಮುಖ ಕೆಂಪಗಾಗಿತ್ತು. ಎಷ್ಟು ಚೆನ್ನಾಗಿ ಕಾಣುತ್ತಿದ್ದ.

ಅವನು ಹೇಳಿಕೊಟ್ಟಿದ್ದು ನನಗೆ ಬಾಯಿಪಾಠವಾಗಿದೆ. ಕಲ್ಲಿನೊಳಗೆ ಜಿರ್ಕಾನ್ ಎಂಬ ಹರಳಿರುತ್ತದೆ, ಚಿರೋಟಿ ರವೆಗಿಂತ ಸಣ್ಣದು. ಹುಟ್ಟುವಾಗ ಅದು ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೊರಗೇ ನಿಲ್ಲಿಸುತ್ತದೆ. ಆಮೇಲೆ ಒಳಗಿನ ಯುರೇನಿಯಂ ನಿಧಾನಕ್ಕೆ ತಾನೇ ಸೀಸವಾಗುತ್ತಾ ಹೋಗುತ್ತದೆ. ಇವತ್ತು ಎಷ್ಟು ಸೀಸವಾಗಿದೆ, ಎಷ್ಟು ಯುರೇನಿಯಂ ಉಳಿದಿದೆ ಅಂತ ಅಳೆದರೆ ಹರಳು ಹುಟ್ಟಿ ಎಷ್ಟು ಕಾಲವಾಯಿತೆಂದು ಲೆಕ್ಕ ಸಿಗುತ್ತದೆ. ಲೇಸರ್ ಬಿಟ್ಟು ಹರಳಿನ ಮೈಗೆ ಕೂದಲಿಗಿಂತ ಸಣ್ಣ ಗುಳಿ ತೋಡಿ ಅಳೆಯುತ್ತಾರೆ. ಎಂಬಿ-9ರಲ್ಲಿ ಅರವತ್ತೆರಡು ಹರಳು ನೋಡಿದ್ದಾರೆ. ಐವತ್ತೊಂದು ಹರಳಿಗೆ ಇನ್ನೂರ ಐವತ್ತಮೂರು ಕೋಟಿ ವರ್ಷ, ಈ ಕಡೆಯ ಕಲ್ಲಿಗೆ ಎಲ್ಲರೂ ಹೇಳುವ ವಯಸ್ಸೇ. ಮಿಕ್ಕ ಹನ್ನೊಂದಕ್ಕೆ ಮುನ್ನೂರ ಮೂವತ್ತು. ಅಷ್ಟು ಹಳೆಯ ಕಲ್ಲು ಇರುವುದು ಹಾಸನದ ಕಡೆ, ನಮ್ಮ ಚಿನ್ನದ ಗಣಿ ಸಾಲಿನ ಪೂರ್ವಕ್ಕೆ ಇದುವರೆಗೆ ಯಾರಿಗೂ ಕಂಡಿಲ್ಲವಂತೆ. ಅವನ ಪಿಎಚ್‌ಡಿಯೇ ಬೇರೆಯಾಗಿಬಿಡುತ್ತದೆ.

ನಾನು ಬರಲಾ ಅಂತ ಕೇಳಿದೆ. ಕ್ವಾರ್ಟರ್ಸ್ ಸಿಗಲಿ ಶ್ವೇತ, ಈಗ ಬೇಡ ಅಂದ. ಸರಿ. ಸಿಕ್ಕೇ ಸಿಗುತ್ತದೆ.

ಡಿಸೆಂಬರ್ 4, ಬುಧವಾರ

ಇಡೀ ಮುಳಬಾಗಿಲಿಗೆ ಹೇಳಿಯಾಯಿತು. ಮಾವ ಬೆಳಗ್ಗೆ ದೋಸೆ ತರಲು ಹೋದವರು ಒಂದೂವರೆ ಗಂಟೆ ಬಿಟ್ಟು ಬಂದರು, ದೋಸೆ ತಣ್ಣಗಾಗಿತ್ತು, ಮುಖ ಮಾತ್ರ ಬಿಸಿಯಾಗಿತ್ತು. ಅತ್ತೆ ಹುರುಳಿ ಆರಿಸುತ್ತಾ, "ಮುನ್ನೂರು ಕೋಟಿ ಅಂದ್ರೆ ನನ್ನ ಮಂಡಿಗೂ ಅಷ್ಟೇ ಆಗಿದೆ ಅಮ್ಮಾಯಿ, ಅದನ್ನ ಯಾರೂ ಪೇಪರ್‌ಗೆ ಹಾಕಲ್ಲ" ಅಂದರು.

ಇದರಲ್ಲಿ ನನ್ನ ಪಾಲೂ ಇದೆ, ಅದನ್ನು ಇಲ್ಲಿ ಬರೆಯದಿದ್ದರೆ ಯಾರೂ ಬರೆಯುವುದಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಮನೆಯೆಲ್ಲ ಸಾರಿಸಿ ತೊಳೆಯುವಾಗ ಹಿತ್ತಲ ಶೆಡ್ಡಿನಲ್ಲಿ ಮುರಳಿಯ ಕಲ್ಲಿನ ಚೀಲಗಳಿದ್ದವು. ಅವನು ಆಗಲೇ ಹೈದರಾಬಾದಿಗೆ ಹೋಗಿದ್ದ. ಎಂಬಿ-9ರ ಚೀಲವನ್ನು ಇಲಿ ಕಡಿದಿತ್ತು, ಎತ್ತಿದ ಕೂಡಲೇ ಬಾಯ್ಬಿಟ್ಟು ಬಟ್ಟೆ ಒಗೆಯುವ ಕಲ್ಲಿನ ಹತ್ತಿರವೆಲ್ಲ ಚೆಲ್ಲಿಹೋಯಿತು. ಹಾಡು ಹೇಳಿಕೊಂಡು ಒಂದೊಂದನ್ನೂ ಆರಿಸಿ, ಬ್ರಷ್ಷಿನಿಂದ ಉಜ್ಜಿ ತೊಳೆದು, ಒಣಗಿಸಿ, ಹೊಸ ಚೀಲಕ್ಕೆ ತುಂಬಿ ಅದೇ ಚೀಟಿ ಕಟ್ಟಿದೆ. ಕೆಲವು ಎಷ್ಟು ನುಣುಪಾಗಿದ್ದವೆಂದರೆ, ನನ್ನ ಗಂಡ ಕಲ್ಲನ್ನೂ ಎಷ್ಟು ನಾಜೂಕಾಗಿ ಒಡೆಯುತ್ತಾನೆ ಅಂದುಕೊಂಡೆ. ಮುಖ್ತಿಯಾರ್ ಅವರು ಕೋಲಾರಕ್ಕೆ ಹೋಗಿ ಪಾರ್ಸೆಲ್ ಮಾಡಿದರು. ಲ್ಯಾಬಿನಲ್ಲಿ ಪುಡಿ ಮಾಡುವ ನಂದೀಶ್, ಇಷ್ಟು ಕ್ಲೀನಾದ ಸ್ಯಾಂಪಲ್ ನೋಡೇ ಇಲ್ಲ ಅಂದನಂತೆ. ನಂದೀಶ್ ನಮ್ಮ ಮಾಲೂರಿನವನೇ. ಮುರಳಿಯೇ ಅವನನ್ನು ಅಲ್ಲಿಗೆ ಸೇರಿಸಿದ್ದು.

ಡಿಸೆಂಬರ್ 11, ಬುಧವಾರ

ಮುರಳಿಯ ಗೈಡ್ ಅನಿತ ಮೇಡಂ ಖುಷಿಯಾಗಿಲ್ಲ. ಇದನ್ನು ಬೇರೆ ಹೇಗೆ ಬರೆಯಬೇಕೋ ಗೊತ್ತಿಲ್ಲ.

ಹಳೆಯ ಹರಳು ಹೊಸ ಕಲ್ಲಿನೊಳಗೆ ಸೇರುವುದುಂಟಂತೆ. ಆದರೆ ಹಾಗೆ ಸೇರಿದರೆ, ಆ ಕಲ್ಲು ಕುದಿದು ಗಟ್ಟಿಯಾಗುವಾಗ ಹಳೆಯ ಹರಳಿನ ಸುತ್ತ ಹೊಸದಾಗಿ ಒಂದು ಪದರ ಬೆಳೆಯುತ್ತದೆ, ಕೊಬ್ಬರಿಯ ಮೇಲೆ ಚಿಪ್ಪಿನಂತೆ. ಆ ಪದರದ ವಯಸ್ಸು ಇನ್ನೂರ ಐವತ್ತಮೂರು ಬರಬೇಕು. ನಮ್ಮ ಹನ್ನೊಂದಕ್ಕೂ ಅಂಥ ಹೊದಿಕೆ ಇಲ್ಲ, ಒಂದಕ್ಕೂ ಇಲ್ಲ. ಇವು ಈ ಕಲ್ಲಿನೊಳಗೆ ಇದ್ದವೇ ಅಲ್ಲ, ಹೊರಗಿನಿಂದ ಬಂದು ಬೆರೆತಿವೆ ಅಂತ ಮೇಡಂಗೆ ಅನುಮಾನ.

"ಹೊಟ್ಟೆಕಿಚ್ಚು ಕಣೇ" ಅಂದ ಮುರಳಿ. "ನಾನು ಹೇಳ್ತೀನಿ ನೋಡು, ಹೊಸ ಸ್ಯಾಂಪಲ್ ತರಿಸಿ ಅವರ ಬಾಯಿ ಮುಚ್ಚಿಸ್ತೀನಿ."

ಅವನ ದನಿ ಹಾಗಿದ್ದದ್ದು ನಾನು ಕೇಳಿರಲಿಲ್ಲ. ಸುಸ್ತಾಗಿರಬೇಕು, ಪಾಪ. ನಾನು ಬಂದು ಎರಡು ದಿನ ಇದ್ದು ಅಡುಗೆ ಮಾಡಿಹಾಕಲಾ ಅಂತ ಕೇಳಿದೆ. ಈಗ ಬೇಡ ಅಂದ.

ಡಿಸೆಂಬರ್ 15, ಭಾನುವಾರ

ಮುಖ್ತಿಯಾರ್ ಅವರ ಜೊತೆ ನಾನೇ ಗುಡ್ಡಕ್ಕೆ ಹೋಗಿ ಹೊಸ ಕಲ್ಲು ತೆಗೆಸಿಕೊಂಡು ಬಂದೆ. ಮುರಳಿ ವಿಡಿಯೋ ಕಾಲಿನಲ್ಲಿ ಜೂನ್‌ನಲ್ಲಿ ಒಡೆದ ಜಾಗವನ್ನೇ ತೋರಿಸಿ ಹೇಳಿದ. ಗಾಯದ ಹಾಗೆ ಇನ್ನೂ ಬೆಳ್ಳಗಿತ್ತು.

ಮುಖ್ತಿಯಾರ್ ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದರು. "ಸಾಬ್ ಕಲ್ಲಿನ ವಯಸ್ಸು ಹೇಳ್ತಾರಲ್ಲ ಮೇಡಂ, ನನ್ನ ಜೀಪಿಂದೂ ಒಂದು ಹೇಳಿಸಿ. ಆರ್‌ಟಿಓದವ್ರು ನಂಬ್ತಾ ಇಲ್ಲ." ನಂಗಲಿ ಕಡೆಯಿಂದ ಬರುವ ಲಾರಿಗಳ ಹಿಂದೆ ನಿಂತು ನಿಂತು ಮನೆ ಸೇರುವಾಗ ಸಂಜೆಯಾಯಿತು. ನಗಬೇಕೆನಿಸಿದಲ್ಲೆಲ್ಲ ನಕ್ಕೆ.

ಜೂನ್‌ನಲ್ಲಿ ಈ ಗುಡ್ಡ ಎಷ್ಟು ದೊಡ್ಡದಾಗಿತ್ತು. ಇವತ್ತು ಸುಮ್ಮನೆ ಒಂದು ಬಂಡೆ, ಪಕ್ಕದಲ್ಲಿ ಯಾರೋ ಹುರುಳಿ ಹೊಟ್ಟು ಒಟ್ಟಿದ್ದರು.

ಡಿಸೆಂಬರ್ 27, ಶುಕ್ರವಾರ

ಚಳಿ. ಮುರಳಿ ಮೂರು ದಿನದಿಂದ ಫೋನ್ ಮಾಡಿಲ್ಲ.

ಜನವರಿ 9, ಗುರುವಾರ

ಹೊಸ ಕಲ್ಲಿನಲ್ಲಿ ಎಂಬತ್ತು ಹರಳು ನೋಡಿದರು. ಎಂಬತ್ತಕ್ಕೂ ಇನ್ನೂರ ಐವತ್ತಮೂರು. ಹಳೆಯದು ಒಂದೂ ಇಲ್ಲ.

ಮುರಳಿ ಹೇಳಿದ್ದು ಅಷ್ಟೇ. ಫೋನಿನಲ್ಲಿ ಅವನ ಕಡೆ ಯಾವುದೋ ಯಂತ್ರ ಗುಂಯ್ ಅನ್ನುತ್ತಿತ್ತು. ಊಟ ಆಯ್ತಾ ಅಂತ ಕೇಳಿದೆ. ಇಟ್ಟುಬಿಟ್ಟ.

ಜನವರಿ 11, ಶನಿವಾರ

ತಪ್ಪು ನಂದೀಶನದು ಅಂತ ತೀರ್ಮಾನವಾಗುತ್ತಿದೆ. ಒಂದು ಕಲ್ಲನ್ನು ಪುಡಿ ಮಾಡಿದ ಮೇಲೆ ಯಂತ್ರವನ್ನು ಪೂರ್ತಿ ತೊಳೆಯಬೇಕು, ಒಂದೇ ಒಂದು ಹರಳು ಉಳಿದರೂ ಮುಂದಿನ ಕಲ್ಲಿಗೆ ಬೆರೆಯುತ್ತದೆ. ಎಂಬಿ-9ಕ್ಕೆ ಮುಂಚೆ ಬೇರೆ ಯಾರದೋ ಹಾಸನದ ಕಡೆಯ ಕಲ್ಲು ಪುಡಿ ಮಾಡಿದ್ದನಂತೆ. ಯಂತ್ರ ತೊಳೆಯಲಿಲ್ಲ ಎಂಬ ಪತ್ರಕ್ಕೆ ಮುರಳಿ ಸಹಿ ಹಾಕಿದ್ದಾನೆ. ಇಪ್ಪತ್ತೇಳನೇ ತಾರೀಕು ಸೋಮವಾರ ಮೀಟಿಂಗ್. ಕಾಂಟ್ರ್ಯಾಕ್ಟ್ ಕೆಲಸ, ತೆಗೆದುಹಾಕಿದರೆ ಇನ್ನು ಯಾವ ಲ್ಯಾಬೂ ಅವನನ್ನು ಸೇರಿಸಿಕೊಳ್ಳುವುದಿಲ್ಲ.

"ಒಬ್ಬರು ಜವಾಬ್ದಾರಿ ತಗೋಬೇಕಲ್ಲ ಶ್ವೇತ" ಅಂದ.

ನಿಜವೇ. ಮುರಳಿಯ ಆರು ತಿಂಗಳು ಹಾಳಾಯಿತಲ್ಲ.

ಜನವರಿ 13, ಸೋಮವಾರ

ಏನಾಯಿತೋ ಹಾಗೇ ಬರೆಯುತ್ತೇನೆ.

ನಾಳೆ ಸಂಕ್ರಾಂತಿ. ಅತ್ತೆ ಹಿತ್ತಲಿನಲ್ಲಿ ಒಡೆದ ರಾಗಿಕಲ್ಲಿನ ಹೋಳುಗಳನ್ನು ಹುಡುಕುತ್ತಿದ್ದರು. ನಮ್ಮ ಮದುವೆಗೆ ಚಪ್ಪರ ಹಾಕುವಾಗ ಮೇಲಿನ ಕಲ್ಲು ಉರುಳಿಬಿದ್ದು ಒಡೆದದ್ದು ಅದು. ಅವರ ಮನೆತನದಲ್ಲಿ ಬೀಸುವ ಕಲ್ಲು ಒಡೆದರೆ ಬೀದಿಗೆ ಹಾಕುವುದಿಲ್ಲ, ಸಂಕ್ರಾಂತಿಯ ದಿನ ಅರಿಶಿನ ಕುಂಕುಮ ಇಟ್ಟು ಕೆರೆಗೆ ಬಿಡುತ್ತಾರೆ.

"ಏಳು ಹೋಳಾಗಿತ್ತು, ನಾನೇ ಎಣಿಸಿ ಒಗೆಯೋ ಕಲ್ಲಿನ ಪಕ್ಕ ಇಟ್ಟಿದ್ದೆ. ನಾಲ್ಕೇ ಇದೆ ನೋಡು. ಕಲ್ಲನ್ನ ಯಾರು ಕದೀತಾರೆ ಅಮ್ಮಾಯಿ?"

ಒಂದು ಹೋಳು ಕೈಗೆತ್ತಿಕೊಂಡೆ. ಬೂದು ಬಣ್ಣ, ಬಿಳಿ ಗೆರೆ. ಒಂದು ಬದಿ ನುಣುಪು. ನುಣುಪಿನ ಮೇಲೆ ಉಳಿಯಿಂದ ಕಡಿದ ಸಾಲುಗಳು.

ಅತ್ತೆ ಹೇಳುತ್ತಲೇ ಇದ್ದರು. "ನಮ್ಮಮ್ಮಂದು ಇದು. ಅವಳು ಹೊಳೆನರಸೀಪುರದ ಕಡೆಯವಳು. ಮದುವೆ ಆಗಿ ಬರೋವಾಗ ಅವರಪ್ಪ ಗಾಡಿಗೆ ಹಾಕಿ ಕಳಿಸಿದ್ನಂತೆ, ಅಲ್ಲೆಲ್ಲಿ ಒಳ್ಳೆ ಕಲ್ಲು ಸಿಗುತ್ತೋ ಇಲ್ವೋ ಅಂತ. ಕಲ್ಲಿಗೇನು ಬರ ನಮ್ಮ ಸೀಮೇಲಿ? ಐವತ್ತು ವರ್ಷ ತಾಯಲೂರಲ್ಲಿ ಬಾಳಿದ್ಲು, ಒಂದು ತೆಲುಗು ಮಾತು ಅವಳ ನಾಲಿಗೆಗೆ ಹತ್ತಲಿಲ್ಲ."

ಹೊಳೆನರಸೀಪುರ ಹಾಸನದ ಕಡೆ.

ಇಲಿ ತಗೊಂಡು ಹೋಗಿರಬೇಕು ಅತ್ತೆ ಅಂದೆ. ನನ್ನ ಬಾಯಿಂದ ಬಂದದ್ದು ಅದೇ. ಅವರು ನಕ್ಕರು.

ಜನವರಿ 14, ಮಂಗಳವಾರ

ಎಳ್ಳು ಬೀರಿದೆವು. ಸಂಜೆ ಕೆರೆಯ ಮೆಟ್ಟಿಲ ಮೇಲೆ ಅತ್ತೆ ಒಂದೊಂದೇ ಹೋಳಿಗೆ ಕುಂಕುಮವಿಟ್ಟು ನನ್ನ ಕೈಗೆ ಕೊಟ್ಟರು. ನಾನು ಬಿಟ್ಟೆ. ನಾಲ್ಕು ಸಲ ಸದ್ದಾಯಿತು. ನಾಲ್ಕನೆಯದು ಮುಳುಗಿದಾಗ ಎದೆ ಹಗುರವಾಯಿತು. ಆಗಲಿಲ್ಲ ಅಂತ ಬರೆದರೆ ಸುಳ್ಳು. ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಮುರಳಿಗೂ.

ಜನವರಿ 16, ಗುರುವಾರ

ಊಟ ಸೇರುತ್ತಿಲ್ಲ. ಅತ್ತೆ ವಿಶೇಷವೇನೋ ಅಂತ ನನ್ನ ಅಮ್ಮನಿಗೆ ಫೋನ್ ಮಾಡಿದ್ದಾರೆ. ಅಲ್ಲ ಅಂತ ಇಬ್ಬರಿಗೂ ಹೇಳಬೇಕಾಯಿತು.

ಜನವರಿ 19, ಭಾನುವಾರ

ನಂದೀಶನ ಹೆಂಡತಿ ಬಂದಿದ್ದಳು. ದಿವ್ಯ ಅಂತ. ಮಾಲೂರಿನಿಂದ ಎರಡು ಬಸ್ಸು ಬದಲಿಸಿ ಬಂದಿದ್ದಾಳೆ. ಅಳುತ್ತಾಳೆ, ಕಾಲು ಹಿಡಿಯುತ್ತಾಳೆ ಅಂತ ಹೆದರಿದ್ದೆ. ಅಂಥದ್ದೇನೂ ಮಾಡಲಿಲ್ಲ. ಕಾಫಿ ಕುಡಿದು ಲೋಟವನ್ನು ತಾನೇ ತೊಳೆದಿಟ್ಟಳು.

"ನಮ್ಮನೆಯವರು ತೊಳೆಯಲ್ಲ ಅಂತ ಬೇರೆ ಯಾರಾದ್ರೂ ಹೇಳಿದ್ರೆ ನಗ್ತಿದ್ದೆ ಅಕ್ಕಾ. ಉಂಡ ತಟ್ಟೆ ಮೂರು ಸಲ ತೊಳೀತಾರೆ. ಬಕೆಟ್ ನೀರು ಖಾಲಿ ಮಾಡ್ತೀರ ಅಂತ ನಾನೇ ದಿನಾ ಬೈತೀನಿ. ರೋಗ ಅದು ಅವ್ರಿಗೆ."

ಅವನು ದಿನವೂ ಬರೆದಿಡುವ ಲ್ಯಾಬ್ ಪುಸ್ತಕದ ಪುಟಗಳನ್ನು ಫೋಟೋ ತೆಗೆದು ಅವಳಿಗೆ ಕಳಿಸಿದ್ದಾನೆ. ಅವಳಿಗೆ ಅದರ ತಲೆಬುಡ ತಿಳಿಯುವುದಿಲ್ಲ, ನೀವು ಓದಿದವರು ನೋಡಿ ಅಂದಳು. ನೋಡಿದೆ. ದುಂಡಗಿನ ಅಕ್ಷರ. ಎಂಬಿ-9ಕ್ಕೆ ಮುಂಚೆ ಯಂತ್ರವನ್ನು ಬ್ರಷ್ಷಿನಿಂದ, ಗಾಳಿಯಿಂದ, ಸ್ಪಿರಿಟ್ಟಿನಿಂದ ತೊಳೆದದ್ದು, ಗಾಜಿನ ಚೂರು ಹಾಕಿ ಎರಡು ಸಲ ಖಾಲಿ ಓಡಿಸಿದ್ದು, ಎಲ್ಲಕ್ಕೂ ಹೊತ್ತು ಬರೆದಿದ್ದಾನೆ. ಅದರ ಕೆಳಗೆ:

"ಎಂಬಿ-9. ಮೂರು ತುಂಡಿಗೆ ಒಂದು ಬದಿ ನುಣುಪು, ಉಳಿ ಗುರುತಿದೆ. ಮುರಳಿ ಸಾರ್‌ಗೆ ಫೋನಿನಲ್ಲಿ ಹೇಳಿದೆ. ಪರವಾಗಿಲ್ಲ ಹಾಕು ಅಂದರು."

ಮೂರು ಅಂತಲೇ ಬರೆದಿದ್ದಾನೆ.

"ಏನಾದ್ರೂ ಗೊತ್ತಾಯ್ತಾ ಅಕ್ಕಾ?" ಅಂದಳು ದಿವ್ಯ.

ಸಾರ್ ಹತ್ತಿರ ಮಾತಾಡ್ತೀನಿ ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಚೀಲದಿಂದ ಸೀಬೆಹಣ್ಣು ತೆಗೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, "ಮಾತಾಡ್ತೀನಿ ಅಂತ ಎಲ್ರೂ ಹೇಳ್ತಾರೆ. ನೀವು ಮಾತಾಡಿ" ಅಂದು ಬಸ್ಸಿಗೆ ಹೊರಟಳು.

ಜನವರಿ 21, ಮಂಗಳವಾರ

ಮಾತಾಡಿದೆ. ನಂದೀಶನ ಪುಸ್ತಕದಲ್ಲಿ ನುಣುಪು ಕಲ್ಲಿನ ವಿಷಯ ಇದೆಯಲ್ಲ, ನಿನಗೆ ಹೇಳಿದ್ದನಂತಲ್ಲ ಅಂತ ಕೇಳಿದೆ.

"ಅವನು ಏನೇನೋ ಬರ್ಕೋತಾನೆ."

"ಹೇಳಿದ್ದನೋ ಇಲ್ಲವೋ ಮುರಳಿ?"

"ಹೇಳಿರಬಹುದು. ದಿನಕ್ಕೆ ನೂರು ಹೇಳ್ತಾನೆ. ನನಗೆ ನೆನಪಿಲ್ಲ. ನಿನಗ್ಯಾಕೆ ಈಗ ಇದೆಲ್ಲ?"

ಆಗಲೇ ಹೇಳಬೇಕಿತ್ತು. ನುಣುಪು ಕಲ್ಲನ್ನು ಚೀಲಕ್ಕೆ ತುಂಬಿದ್ದು ನಾನು ಅಂತ. ಹೇಳಲಿಲ್ಲ. ಅವನು ಮುಂದಿನ ತಿಂಗಳ ಕಾನ್ಫರೆನ್ಸ್ ಬಗ್ಗೆ ಮಾತಾಡತೊಡಗಿದ, ನಂದೀಶನ ವಿಷಯ ಮುಗಿದರೆ ಉಳಿದ ಸ್ಯಾಂಪಲ್‌ಗಳಿಗೆ ಕಳಂಕ ಇರುವುದಿಲ್ಲವಂತೆ. ಕೇಳುತ್ತಾ ಒಂದು ಸೀಬೆಹಣ್ಣು ತಿಂದೆ. ಪೂರ್ತಿ ತಿಂದೆ. ಎಷ್ಟೋ ದಿನದ ಮೇಲೆ.

ಜನವರಿ 23, ಗುರುವಾರ

ಬೆಳಗ್ಗೆ ಅತ್ತೆ ಮುದ್ದೆಗೆ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಎದುರಿಗೆ ಕೂತು ಎಲ್ಲ ಹೇಳಿದೆ. ಇಲಿ ಕಡಿದ ಚೀಲ, ಒಗೆಯುವ ಕಲ್ಲು, ಮೂರು ಹೋಳು, ನಂದೀಶ, ಮುರಳಿಯ ಸಹಿ. ಇಲಿ ತಗೊಂಡು ಹೋಗಿರಬೇಕು ಅಂತ ನಾನು ಹೇಳಿದ್ದು ಸುಳ್ಳು ಅಂತಲೂ.

ಅವರು ಜರಡಿ ನಿಲ್ಲಿಸಲಿಲ್ಲ. ಹಿಟ್ಟು ಮುಗಿದ ಮೇಲೆ ಕೈ ಕೊಡವಿಕೊಂಡರು.

"ನಮ್ಮಮ್ಮನ ಕಲ್ಲು ರುಬ್ಬಿ ಪುಡಿ ಮಾಡಿ ವಯಸ್ಸು ನೋಡಿದ್ರಾ?"

"ಹೂಂ ಅತ್ತೆ."

"ಮುನ್ನೂರ ಮೂವತ್ತು ಕೋಟಿ ಅಂದಿದ್ದು ಅದಕ್ಕೇನಾ?"

"ಹೂಂ."

"ನನ್ನ ಮಗನಿಗೆ ಬೇಜಾರಾಗುತ್ತೆ. ನಿನ್ನ ಮೇಲೆ ಕೂಗಾಡ್ತಾನೆ. ಅವರಪ್ಪನ ಕೋಪ ಅವನಿಗೂ ಇದೆ" ಅಂದರು. ಆಮೇಲೆ, "ಆ ಕಲ್ಲಲ್ಲಿ ಅವಳು ರಾಗಿ ಬೀಸಿದ್ಲು. ಇನ್ನೊಬ್ರ ಅನ್ನಕ್ಕೆ ಕಲ್ಲು ಹಾಕಿರಲಿಲ್ಲ."

ಕೆರೆಯಲ್ಲಿರುವ ಒಂದು ಹೋಳು ಬೇಕು ಅಂದೆ. ಅದನ್ನೂ ಪುಡಿ ಮಾಡಿ ನೋಡಿದರೆ ಅದೇ ವಯಸ್ಸು, ಅದೇ ಹೊದಿಕೆಯಿಲ್ಲದ ಹರಳು ಸಿಗುತ್ತದೆ, ಆಗ ಯಾರೂ ಬಾಯಿಮಾತು ಅನ್ನುವಂತಿಲ್ಲ. ಕೆರೆಗೆ ಬಿಟ್ಟದ್ದನ್ನು ತೆಗೆಯಬಾರದು ಅಂದರು. ಅಂದವರೇ ಸೆರಗು ಸಿಕ್ಕಿಸಿಕೊಂಡು ಮುಖ್ತಿಯಾರ್ ಮನೆಗೆ ನಡೆದರು.

ಮುಖ್ತಿಯಾರ್ ಲುಂಗಿ ಎತ್ತಿಕಟ್ಟಿ ಮೆಟ್ಟಿಲ ಕೆಳಗೆ ಸೊಂಟದವರೆಗೆ ಇಳಿದರು. ನೀರು ಕೊರೆಯುತ್ತಿತ್ತು. "ರಾಮಲಕ್ಷ್ಮಮ್ನೋರೇ, ಜನ ಕೆರೇಲಿ ಮೀನು ಹಿಡೀತಾರೆ, ನೀವು ಕಲ್ಲು ಹಿಡಿಸ್ತಾ ಇದೀರ" ಅಂದರು ಹಲ್ಲು ಕಟಕಟಿಸುತ್ತಾ. "ಬಾಯಿ ಮುಚ್ಚಿ ಹುಡುಕೋ, ನೆಗಡಿ ಆದ್ರೆ ಕಷಾಯ ನಾನು ಕೊಡ್ತೀನಿ" ಅಂದರು ಅತ್ತೆ. ಆರನೇ ಸಲ ಮುಳುಗಿದಾಗ ಸಿಕ್ಕಿತು. ಕುಂಕುಮ ಹೋಗಿತ್ತು. ಉಳಿ ಸಾಲುಗಳು ಹಾಗೇ ಇದ್ದವು.

ಅತ್ತೆ ಅದನ್ನು ತಮ್ಮ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದರು. ಮಿಕ್ಕಿದ್ದನ್ನು ತಿರುಗಿ ತಂದು ಕೆರೆಗೆ ಬಿಡಬೇಕು ಅಂತ ಮಾತು ತಗೊಂಡರು. ಪುಡಿಯಾದರೂ ಸರಿಯಂತೆ.

ಜನವರಿ 24, ಶುಕ್ರವಾರ

ಚೀಟಿ ಬರೆದೆ. ರಾಗಿಕಲ್ಲಿನ ಹೋಳು, ಒಂದು. ಮೂಲ ಹೊಳೆನರಸೀಪುರದ ಕಡೆ, ಊರು ಗೊತ್ತಿಲ್ಲ. ತಾಯಲೂರಿನಲ್ಲಿ ಐವತ್ತು ವರ್ಷ, ಆಮೇಲೆ ಮುಳಬಾಗಿಲು. ಎಂಬಿ-9ರ ಚೀಲಕ್ಕೆ ಇದರ ಮೂರು ಹೋಳು ತುಂಬಿದವಳು ಶ್ವೇತ, ಆಗಸ್ಟ್ 14. ಕೆಳಗೆ ಸಹಿ ಹಾಕಿದೆ. ಅಕ್ಷರ ಚಂದ ಬರಲಿಲ್ಲ, ಬದಲಿಸಲಿಲ್ಲ.

ಮಾವ ಟಿಕೆಟ್ ಮಾಡಿಸಿಕೊಟ್ಟರು. ಯಾಕೆ ಅಂತ ಕೇಳಲಿಲ್ಲ, ಅತ್ತೆ ಹೇಳಿರಬೇಕು. ಚೀಟಿಯನ್ನು ಮಾತ್ರ ಒಮ್ಮೆ ಓದಿ, ಪೆನ್ನು ತೆಗೆಯದೆ ವಾಪಸ್ ಕೊಟ್ಟರು.

ನಾಳೆ ಬಂಗಾರಪೇಟೆಯಿಂದ ಬೆಂಗಳೂರಿಗೆ ಪ್ಯಾಸೆಂಜರ್. ದಾರಿಯಲ್ಲಿ ಮಾಲೂರಿನ ಪ್ಲಾಟ್‌ಫಾರಂನಲ್ಲಿ ದಿವ್ಯ ನಿಂತಿರುತ್ತಾಳೆ, ಅವಳ ಗಂಡನಿಗೆ ಏನೋ ಕೊಡುವುದಿದೆಯಂತೆ. ನಾನೇನು ಹೇಳಲು ಹೋಗುತ್ತಿದ್ದೇನೆ ಅನ್ನುವುದನ್ನು ಅವಳಿಗೆ ಅಲ್ಲೇ ಹೇಳಬೇಕು. ರೈಲು ನಿಲ್ಲುವುದು ಎರಡೇ ನಿಮಿಷ, ಸಾಕು.

ಮುರಳಿಗೆ ಕಳಿಸಿದ ಮೆಸೇಜನ್ನು ಇಲ್ಲೂ ಬರೆದಿಡುತ್ತೇನೆ:

"ಎಂಬಿ-9ರ ಹನ್ನೊಂದು ಹರಳು ಎಲ್ಲಿಯವು ಅಂತ ನನಗೆ ಗೊತ್ತು. ನಂದೀಶನ ತಪ್ಪಿಲ್ಲ. ಮೊದಲು ನಿನಗೆ ಎದುರಿಗೇ ಹೇಳಬೇಕು, ಸೋಮವಾರ ಮೀಟಿಂಗಿನಲ್ಲಿ ಅನಿತ ಮೇಡಂಗೂ ಹೇಳುತ್ತೇನೆ. ಕೈಯಲ್ಲಿ ಭಾರ ಇದೆ, ಸ್ಟೇಷನ್ನಿಗೆ ಬಾ. ಭಾನುವಾರ ಬೆಳಗ್ಗೆ, ಕಾಚಿಗೂಡ ಎಕ್ಸ್‌ಪ್ರೆಸ್."